ಚಾರ್ಕೆಯ ರಸ್ತೆ ತಡೆ

ನಾನು ಹುಟ್ಟಿದಾಗ ಅಳಲಿಲ್ಲವಂತೆ. ಒಳಗೆ ದಾದಿ ನನ್ನನ್ನು ತಲೆಕೆಳಗೆ ಹಿಡಿದು ಬೆನ್ನಿಗೆ ಬಡಿಯುತ್ತಿದ್ದರೆ, ಹೊರಗೆ ಆಸ್ಪತ್ರೆಯ ಪಡಸಾಲೆಯಲ್ಲಿ ಅಪ್ಪ ಗೋಡೆಯ ಮೇಲಿದ್ದ, ನಮ್ಮೂರು ಕಾಯುವ ಸೊಕಾವೊನ್ ಮಾತೆಯ ಪಟಕ್ಕೆ ಮಾತು ಕೊಟ್ಟರು: "ತಾಯಿ, ಈ ಕೂಸಿಗೆ ಉಸಿರು ಕೊಡು. ಮೂರು ವರ್ಷ ಕಾರ್ನಿವಾಲಿನಲ್ಲಿ ಮೊರೆನಾದಾ ಕುಣಿದುಕೊಂಡು ನಿನ್ನ ಪಾದದವರೆಗೆ ಬರ್ತೀನಿ." ನಾನು ಅತ್ತೆ. ಅಮ್ಮನ ಪ್ರಕಾರ ಆಮೇಲೆ ನಿಲ್ಲಿಸಲೇ ಇಲ್ಲ.

ಅಪ್ಪ, ಅಂದರೆ ಫೆರ್ಮಿನ್ ಕೋಲ್ಕೆ, ನಮ್ಮ ಗಣಿಯೂರು ಒರೂರೊದಿಂದ ಚಾಯಾಪಾತಾಕ್ಕೆ ಬಸ್ಸು ಓಡಿಸುತ್ತಿದ್ದರು. ಮೊದಲ ಎರಡು ವರ್ಷ ತಪ್ಪದೆ ಕುಣಿದರು. ಮೂರನೆಯ ವರ್ಷ ಅಪೆಂಡಿಕ್ಸು. ಮರುವರ್ಷ ಬಸ್ಸಿನ ಎಂಜಿನ್ನು ಕೈಕೊಟ್ಟಿತು. ಅದರ ಮರುವರ್ಷ ಅಪ್ಪನ ಅಮ್ಮ ಸರಿಯಾಗಿ ಕಾರ್ನಿವಾಲಿನ ಮುನ್ನಾದಿನ ತೀರಿಕೊಂಡರು; ಬೇಕೆಂದೇ ಹಾಗೆ ಮಾಡಿದರು ಎಂದು ನನ್ನ ಅಮ್ಮನಿಗೆ ಇವತ್ತಿಗೂ ಅನುಮಾನ. ಹೀಗೆ ಮೂರನೆಯ ಕುಣಿತ ಮುಂದಕ್ಕೆ ಮುಂದಕ್ಕೆ ಹೋಗಿ, ನಾನು ಓದು ಮುಗಿಸಿ, ಔಷಧಿ ಅಂಗಡಿ ಇಟ್ಟು, ಎರಡು ಮಕ್ಕಳ ತಾಯಿಯಾದರೂ ಹಾಗೇ ಉಳಿಯಿತು. ಊರಿಗೆಲ್ಲ ಗೊತ್ತಿದ್ದ ವಿಷಯ. ಬಸ್ಸು ಹೊರಡುವುದು ತಡವಾದರೆ ಹಿಂದಿನ ಸೀಟಿನಿಂದ ಯಾರಾದರೂ ಕೂಗುತ್ತಿದ್ದರು: "ದೋನ್ ಫೆರ್ಮಿನ್, ಇದೂ ಮೂರನೇ ವರ್ಷದ ಕುಣಿತಾನಾ?"

ಆಮೇಲೆ ಪಾರ್ಕಿನ್ಸನ್ ಬಂತು. ಬಲಗೈಯ ಹೆಬ್ಬೆರಳಿನಲ್ಲಿ ಶುರುವಾಗಿ ಕಾಲಿಗೆ ಇಳಿಯಿತು. ನಡೆಯುತ್ತ ನಡೆಯುತ್ತ ಅಪ್ಪ ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದರು, ಯಾರೋ ಅಂಗಾಲಿಗೆ ಗೋಂದು ಹಚ್ಚಿದ ಹಾಗೆ. ಬಸ್ಸಿನ ಕೆಲಸ ಬಿಟ್ಟರು. ಬಿಟ್ಟ ವಾರವೇ ನಮ್ಮ ಮೊರೆನಾದಾ ತಂಡದ ಮುಂದಾಳು ತೆಯೊದೋಸಿಯೊನ ಬೇಕರಿಗೆ ಹೋಗಿ, ಈ ಸಲ ಹೆಸರು ಸೇರಿಸಿಕೋ ಎಂದರು.

ತೆಯೊದೋಸಿಯೊ ಸದಾ ಕೊರಳಲ್ಲಿ ಸೀಟಿ ನೇತುಹಾಕಿಕೊಂಡೇ ಇರುವ ಮನುಷ್ಯ. ಒಲೆಯಿಂದ ಬ್ರೆಡ್ಡು ತೆಗೆಯುವುದಕ್ಕೂ ಊದುತ್ತಾನೆ. ಅವನು ಹಿಟ್ಟಿನ ಕೈ ಒರೆಸಿಕೊಂಡು, "ದೋನ್ ಫೆರ್ಮಿನ್, ನಿಮ್ಮ ಮೇಲೆ ಗೌರವ ಇದೆ. ಆದ್ರೆ ಬೀದಿ ನಡುವೆ ನೀವು ನಿಂತ್ರೆ ನಿಮ್ಮ ಹಿಂದಿನ ಸಾಲು ನಿಲ್ಲುತ್ತೆ, ಅದರ ಹಿಂದೆ ವಾದ್ಯದೋರು ನಿಲ್ತಾರೆ, ಅವರ ಹಿಂದೆ ಇನ್ನೊಂದು ತಂಡ ಬಂದು ನಮ್ಮ ಡೋಲಿಗೆ ಡಿಕ್ಕಿ ಹೊಡೆಯುತ್ತೆ," ಎಂದ.

"ನಿಲ್ಲಲ್ಲ ಕಣೋ."

"ಈಗ ನನ್ನ ಅಂಗಡೀಲಿ ನಿಂತಿದ್ದೀರಲ್ಲ, ಬೇಕು ಅಂತ ನಿಂತಿದ್ದೀರೋ, ಅಂಟಿಕೊಂಡಿದ್ದೀರೋ?"

ಅಪ್ಪ ಕೆಳಗೆ ನೋಡಿಕೊಂಡರು. "ಅಂಟಿಕೊಂಡಿದ್ದೀನಿ," ಎಂದರು.

ಕೊನೆಗೆ ಒಂದು ಒಪ್ಪಂದವಾಯಿತು. ಕಾರ್ನಿವಾಲಿಗೆ ಮುಂಚಿನ ಭಾನುವಾರ ಕೊನೆಯ ತಾಲೀಮಿನ ಮೆರವಣಿಗೆ ಇರುತ್ತದೆ. ಅದರಲ್ಲಿ ಎಲ್ಲೂ ನಿಲ್ಲದೆ ಕುಣಿದು ತೋರಿಸಿದರೆ ಶನಿವಾರ ಸಾಲಿನಲ್ಲಿ ಜಾಗ. ಇಲ್ಲದಿದ್ದರೆ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ಬರಬೇಕು. ನೀರು ಹೊತ್ತವನ ಹರಕೆ ತೀರುವುದಿಲ್ಲ. ಅಪ್ಪನ ಕಾಲು ಇನ್ನೊಂದು ವರ್ಷ ಕಾಯುವ ಹಾಗೂ ಇರಲಿಲ್ಲ. ನನಗೆ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. "ಇನ್ನೂ ತಡ ಮಾಡಿದ್ರೆ ಮಂಚದ ಮೇಲೆ ಮಲಗಿಸಿ ಕುಣಿಸಬೇಕಾಗುತ್ತೆ," ಎಂದು ತಾವೇ ನಗುತ್ತಿದ್ದರು.

ವೈದ್ಯರು ಲೆವೊಡೋಪಾ ಮಾತ್ರೆ ಬರೆದುಕೊಟ್ಟಿದ್ದರು. ಊಟದ ಜೊತೆ ತೆಗೆದುಕೊಂಡರೆ ವಾಕರಿಕೆ ಬರುವುದಿಲ್ಲ ಎಂದಿದ್ದರು. ಅವರು ತಗ್ಗಿನ ಸೀಮೆಯವರು, ಹಣ್ಣು ತಿಂದು ಬೆಳೆದವರು. ಒರೂರೊದಲ್ಲಿ, ಅದರಲ್ಲೂ ನನ್ನ ಅಮ್ಮ ಬೆನಿಗ್ನಾಳ ಮನೆಯಲ್ಲಿ, ಊಟ ಎಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ಮಾರುಕಟ್ಟೆಯಲ್ಲಿ ಅಮ್ಮನದು ಚಾರ್ಕೆಯ ಅಂಗಡಿ. ಲಾಮಾ ಮಾಂಸಕ್ಕೆ ಉಪ್ಪು ಹಚ್ಚಿ, ಬಿಸಿಲಿಗೆ ಒಣಗಿಸಿ, ಕುಟ್ಟಿ, ಎಳೆ ಎಳೆಯಾಗಿ ಬಿಡಿಸಿ ಗರಿಗರಿಯಾಗಿ ಹುರಿದು, ಬೇಯಿಸಿದ ಜೋಳ, ಮೊಟ್ಟೆ, ದಪ್ಪನೆಯ ಚೀಸಿನ ತುಂಡಿನ ಜೊತೆ ಕೊಡುತ್ತಾಳೆ. ಔಷಧಿ ಬರೀ ಹೊಟ್ಟೆಗೆ ಬಿದ್ದರೆ ಹೊಟ್ಟೆಯನ್ನೇ ತಿನ್ನುತ್ತದೆ ಎಂಬುದು ನಮ್ಮ ಕಡೆಯ ಎಲ್ಲ ಹೆಂಗಸರ ನಂಬಿಕೆ. ಸಣ್ಣ ಮಾತ್ರೆಗೆ ಸಣ್ಣ ತಟ್ಟೆ, ದೊಡ್ಡ ಕಾಯಿಲೆಯ ಮಾತ್ರೆಗೆ ದೊಡ್ಡ ತಟ್ಟೆ. ಅಪ್ಪನ ತಟ್ಟೆ ಬಸ್ಸಿನ ಚಕ್ರದ ಮುಚ್ಚಳದಷ್ಟಿತ್ತು.

ಮಾತ್ರೆ ಒಂದು ದಿನ ಕೆಲಸ ಮಾಡುತ್ತಿತ್ತು, ಇನ್ನೊಂದು ದಿನ ಇಲ್ಲ. ನನ್ನ ಅಂಗಡಿಯ ಮಾತ್ರೆ, ನನ್ನ ಕೈಯಿಂದಲೇ ಕೊಟ್ಟದ್ದು. ಅದೇ ಡಬ್ಬಿ. ಆದರೂ ಸೋಮವಾರ ಅಪ್ಪ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು, ಮಂಗಳವಾರ ಚೌಕದಲ್ಲಿರುವ ಪ್ರತಿಮೆಯ ಹಾಗೆ ನಿಂತಿರುತ್ತಿದ್ದರು. ಪಾರಿವಾಳ ಕೂರುವುದೊಂದು ಬಾಕಿ. ಅಪ್ಪ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು ಹೂಕುಂಡಕ್ಕೆ ಉಗಿಯುತ್ತಾರೇನೋ ಎಂದು ಹೂಕುಂಡವನ್ನೂ ಕೆದಕಿ ನೋಡಿದೆ.

ಅಷ್ಟರಲ್ಲಿ ಚಿಕ್ಕಮ್ಮನ ಹೊಲದ ಕೆಲಸಕ್ಕೆಂದು ಅಮ್ಮ ಚಾಯಾಪಾತಾಕ್ಕೆ ಹೋದಳು. ಅಪ್ಪ ಹೇಗಿದ್ದಾರೋ ನೋಡೋಣವೆಂದು ಮಕ್ಕಳನ್ನು ಕಟ್ಟಿಕೊಂಡು ಹೋದರೆ, ಅಡುಗೆಮನೆಯಲ್ಲಿ ರೇಡಿಯೋ ಕಿರುಚುತ್ತಿದೆ, ಅಪ್ಪ ಕೈಯಲ್ಲಿ ಕೆಟಲು ಹಿಡಿದು ಮೇಜಿನ ಸುತ್ತ ಮೊರೆನಾದಾ ಹೆಜ್ಜೆ ಹಾಕುತ್ತಿದ್ದಾರೆ. ಭುಜ ಎಡಕ್ಕೆ, ಭುಜ ಬಲಕ್ಕೆ, ಒಂದು ಹನಿ ಚೆಲ್ಲುತ್ತಿಲ್ಲ.

"ಅಪ್ಪ, ಏನಾಯ್ತು?"

"ನಿಮ್ಮಮ್ಮ ಊರಲ್ಲಿ ಇಲ್ಲ ನೋಡು ಕಾಂದಿ. ಕಾಲಿಗೆ ರಜೆ ಸಿಕ್ಕಿದೆ."

"ಏನು ತಿಂದ್ರಿ?"

"ತಿನ್ನೋಕೆ ಏನಿದೆ ಈ ಮನೇಲಿ? ಚಾರ್ಕೆ ಡಬ್ಬಿಗೆ ಬೀಗ ಹಾಕ್ಕೊಂಡು ಹೋಗಿದ್ದಾಳೆ, ನೆರೆಯವರಿಗೆ ಕೊಟ್ಟುಬಿಡ್ತೀನಿ ಅಂತ. ಎರಡು ದಿನದಿಂದ ಬ್ರೆಡ್ಡು, ಆಪಿ. ಬ್ರೆಡ್ಡು, ಆಪಿ."

ಆಪಿ ಎಂದರೆ ನೇರಳೆ ಜೋಳದ ಗಂಜಿ. ಅದರಲ್ಲಿ ಮಾಂಸವಿಲ್ಲ, ಮೊಟ್ಟೆಯಿಲ್ಲ, ಚೀಸಿಲ್ಲ. ನಾನು ಕುರ್ಚಿ ಎಳೆದು ಕೂತು ನಕ್ಕೆ. ನಗು ನಿಲ್ಲಲೇ ಇಲ್ಲ. ಮಕ್ಕಳು ಯಾಕೆಂದು ಗೊತ್ತಿಲ್ಲದೆ ತಾವೂ ನಕ್ಕವು.

ಅಮ್ಮ ಊರಿಂದ ಬಂದ ಸಂಜೆ ಅಡುಗೆಮನೆಯಲ್ಲಿ ಇಬ್ಬರನ್ನೂ ಕೂರಿಸಿ ಹೇಳಿದೆ. "ತಲೆಯೊಳಗೆ ನರಗಳಿವೆ. ಒಂದಕ್ಕೊಂದು ತಾಗೋದಿಲ್ಲ, ಮಧ್ಯೆ ಸಣ್ಣ ಸಂದು. ಈ ಕಡೆ ನರ ಡೋಪಮಿನ್ ಅಂತ ಒಂದು ರಸ ಚೆಲ್ಲುತ್ತೆ. ಆ ಕಡೆ ನರ ಅದನ್ನ ಹಿಡ್ಕೊಂಡು, ಸರಿ, ಹೆಜ್ಜೆ ಎತ್ತು ಅಂತ ಸುದ್ದಿ ಮುಂದಕ್ಕೆ ಕಳಿಸುತ್ತೆ."

"ಒಂದು ಸಾಲಿನೋನು ಸೀಟಿ ಊದಿದ್ರೆ ಮುಂದಿನ ಸಾಲು ಹೊರಡೋ ಹಾಗೆ," ಎಂದರು ಅಪ್ಪ.

"ಹಾಗೇ. ನಿಮ್ಮ ತಲೇಲಿ ಸೀಟಿ ಊದೋರು ಕಡಿಮೆ ಆಗಿದ್ದಾರೆ."

"ತೆಯೊದೋಸಿಯೊನ ಒಳಗೆ ಕಳಿಸು," ಎಂದಳು ಅಮ್ಮ. "ಊರಿಗೂ ನೆಮ್ಮದಿ."

"ಡೋಪಮಿನ್ನನ್ನೇ ನುಂಗಿದ್ರೆ ಮಿದುಳಿನ ಗೇಟಿನೋನು ಒಳಗೆ ಬಿಡಲ್ಲ. ಅದಕ್ಕೇ ವೇಷ ಹಾಕಿ ಕಳಿಸೋದು. ಆ ವೇಷಾನೇ ಲೆವೊಡೋಪಾ. ಗೇಟು ದಾಟಿದ ಮೇಲೆ ವೇಷ ಕಳಚಿ ಡೋಪಮಿನ್ ಆಗುತ್ತೆ. ಮಾತ್ರೆಯೊಳಗೆ ಇನ್ನೊಬ್ಬ ಇದ್ದಾನೆ, ಕಾವಲಿಗೆ. ದಾರೀಲೇ ವೇಷ ಕಳಚಿಬಿಡದ ಹಾಗೆ ನೋಡ್ಕೊಂಡು ಬರ್ತಾನೆ."

"ಗಂಡನ ಜೊತೆ ಕುಣಿಯೋಕೆ ಹೋಗೋ ಹೆಂಡತಿ," ಎಂದರು ಅಪ್ಪ. "ದಾರೀಲಿ ಯಾರೂ ಬಿಯರ್ ಕುಡಿಸದ ಹಾಗೆ."

"ಹೂಂ, ಹಾಗೇ ಅಂದ್ಕೊಳ್ಳಿ. ಈಗ ಕೇಳಿ. ಆ ಗೇಟು ಬರೀ ಮಾತ್ರೆಗೆ ಅಂತ ಇರೋದಲ್ಲ. ಮಾಂಸ, ಮೊಟ್ಟೆ, ಚೀಸು ಎಲ್ಲಾ ಹೊಟ್ಟೇಲಿ ಕರಗಿ ಚೂರುಚೂರಾಗಿ ಅದೇ ಗೇಟಿಗೆ ಬರುತ್ವೆ. ಅಮ್ಮನ ಒಂದು ತಟ್ಟೆ ಒಳಗೆ ಹೋದ್ರೆ ಗೇಟಿನ ಮುಂದೆ ನೂಕುನುಗ್ಗಲು. ನಿಮ್ಮ ಮಾತ್ರೆ ವೇಷ ಹಾಕ್ಕೊಂಡು ಹಿಂದೆ ನಿಂತಿರುತ್ತೆ."

ಬಸ್ಸು ಓಡಿಸಿದ ಅಷ್ಟೂ ವರ್ಷ ಅಪ್ಪನನ್ನು ಕಾಡಿದ್ದು ರಸ್ತೆ ತಡೆಗಳು. ಕಲ್ಲು, ಟೈರು, ಬೆಂಕಿ, ನಡುರಸ್ತೆಯಲ್ಲಿ ಕೂತ ಜನ.

"ರೈತರ ತಡೆ ನೋಡ್ದೆ, ಗಣಿಯವರ ತಡೆ ನೋಡ್ದೆ, ಮೇಷ್ಟ್ರುಗಳ ತಡೇಲಿ ರಾತ್ರಿಯೆಲ್ಲ ಕೂತೆ," ಎಂದರು. "ಕಟ್ಕೊಂಡ ಹೆಂಡ್ತಿ ನನ್ನ ತಲೆಯೊಳಗೇ ತಡೆ ಹಾಕಿದ್ದು ಗೊತ್ತೇ ಆಗ್ಲಿಲ್ಲ."

"ಏನ್ರೀ ಅಂದ್ರಿ?" ಅಮ್ಮ ಎದ್ದು ನಿಂತಳು. "ಇಡೀ ಒರೂರೊ ನನ್ನ ಚಾರ್ಕೆ ತಿಂದು ಕುಣಿಯುತ್ತೆ. ಇವರೊಬ್ರಿಗೆ ಮಾತ್ರ ಅದು ಕಲ್ಲು, ಟೈರು ಆಯ್ತಂತೆ. ನೀನೂ ಸರಿ ಕಾಂದಿ. ಓದಿಸಿದ್ದು ಇದಕ್ಕೇನೆ? ತಾಯಿ ಕೈ ಅಡುಗೇನ ಗೇಟಿನ ಮುಂದೆ ನಿಲ್ಸೋಕೆ?"

"ಅಮ್ಮ, ಬಿಡು ಅಂತಲ್ಲ. ಮಾತ್ರೆ ತಗೊಳ್ಳೋ ಹೊತ್ತಲ್ಲಿ ಬೇಡ. ರಾತ್ರಿ ಮಲಗೋ ಮುಂಚೆ ಕೊಡು, ಎಷ್ಟಾದ್ರೂ ಕೊಡು."

ಅಮ್ಮ ಕುರ್ಚಿ ಹತ್ತಿ ಚಾರ್ಕೆ ಡಬ್ಬಿಯನ್ನು ಅಟ್ಟದ ಮೇಲಿಟ್ಟಳು. ಅವಳು ಅಷ್ಟು ನಿಧಾನವಾಗಿ ಕುರ್ಚಿ ಇಳಿದದ್ದನ್ನು ನಾನು ಯಾವತ್ತೂ ನೋಡಿಲ್ಲ. ಆದರೆ ಮಾತು ಪಾಲಿಸಿದಳು. ಕೊನೆಯ ತಾಲೀಮಿನ ದಿನ ಅಪ್ಪ ಬ್ರೆಡ್ಡು, ಆಪಿಯ ಮೇಲೆ ಮಾತ್ರೆ ಹಾಕಿ ಬೀದಿಯ ಉದ್ದಕ್ಕೂ ಎಲ್ಲೂ ನಿಲ್ಲದೆ ಕುಣಿದರು. ತೆಯೊದೋಸಿಯೊ ಕಡೆಯಲ್ಲಿ ಅವರ ಕಾಲಿನ ಸುತ್ತ ಒಂದು ಸುತ್ತು ಬಂದು, ಗೋಂದು ಇದೆಯಾ ಎಂದು ನೋಡಿ, "ಎರಡನೇ ಸಾಲು, ಬಲತುದಿ," ಎಂದ.

ಶನಿವಾರ ಬೆಳಿಗ್ಗೆ ಅಪ್ಪನನ್ನು ಮೊರೆನೊ ವೇಷದೊಳಗೆ ಇಳಿಸಿದೆವು. ಪೀಪಾಯಿಯಂಥ ಬೆಳ್ಳಿಬಣ್ಣದ ಮೂರು ಅಂತಸ್ತಿನ ಲಂಗ, ಭುಜಕ್ಕೆ ಮುತ್ತಿನ ಕವಚ, ಗುಡ್ಡೆಗಣ್ಣಿನ ಮುಖವಾಡ, ಕೈಯಲ್ಲಿ ತಿರುಗಿಸಿದರೆ ಕರಕರ ಎನ್ನುವ ಬಸ್ಸಿನಾಕಾರದ ಮರದ ಗಿಲಕಿ. ಅದರೊಳಗೆ ಬೀಳಬೇಕೆಂದರೂ ಬೀಳುವುದಕ್ಕೆ ಜಾಗವಿಲ್ಲ. ಅದೊಂದೇ ನನ್ನ ಧೈರ್ಯ. ಮಾತ್ರೆ ಕೊಟ್ಟೆ. ಇನ್ನೇನು ಹೊರಡುತ್ತೇವೆ ಎಂದರು. ಹೊರಡಲಿಲ್ಲ. ನಮ್ಮ ಮುಂದಿನ ತಂಡದ ವಾದ್ಯದವರು ಇನ್ನೂ ಬಸ್ಸಿನಿಂದ ಇಳಿದಿರಲಿಲ್ಲವಂತೆ. ಬಿಸಿಲು ನೆತ್ತಿಗೆ ಬಂತು. ಅಪ್ಪ ಬೀದಿಯಂಚಿನಲ್ಲಿ ಕೂತು ಕೂತು ಮಾತ್ರೆಯನ್ನು ಸುಮ್ಮನೆ ಖರ್ಚು ಮಾಡುತ್ತಿದ್ದರು. ಹೊರಡುವ ಹೊತ್ತು ಕೇಳಿಕೊಂಡು ಬರಲು ನಾನು ತೆಯೊದೋಸಿಯೊನನ್ನು ಹುಡುಕಿ ಹೋದೆ.

ವಾಪಸು ಬಂದಾಗ ಅಮ್ಮ ಬಣ್ಣದ ಬಟ್ಟೆಯ ಗಂಟು ಬಿಚ್ಚಿ ಕೂತಿದ್ದಳು. ಅದರಲ್ಲಿ ಬೇಯಿಸಿದ ಎಳೆ ಆಬಾ ಕಾಯಿ, ನಮ್ಮ ಎತ್ತರದ ಹೊಲಗಳ ದಪ್ಪ ಅವರೆ, ಸಿಪ್ಪೆ ಸಮೇತ. ಚಿಕ್ಕಮ್ಮನ ಹೊಲದ ಹೊಸ ಬೆಳೆ. ಅಪ್ಪ ಮುಖವಾಡ ಮೇಲೆತ್ತಿ ಗಬಗಬ ಜಗಿಯುತ್ತಿದ್ದರು.

"ಮಾಂಸ ಇಲ್ಲ," ಎಂದಳು ಅಮ್ಮ, ನಾನು ಬಾಯಿ ತೆರೆಯುವ ಮೊದಲೇ. "ಮೊಟ್ಟೆ ಇಲ್ಲ. ಚೀಸು ಇಲ್ಲ. ಬೇಕಾದ್ರೆ ಮೂಸಿ ನೋಡು. ಖಾಲಿ ಹೊಟ್ಟೇಲಿ ಇಷ್ಟು ಭಾರ ಹೊತ್ತು ಕುಣೀಲಿ ಅಂತೀಯಾ?"

ಮಾಂಸ ಇಲ್ಲವಲ್ಲ ಎಂದು ನನಗೂ ಸಮಾಧಾನವಾಯಿತು. ಸೀಟಿ ಕೇಳಿಸಿತು. ಅಂದುಕೊಂಡಿದ್ದಂತೆ ಎರಡನೆಯ ಮಾತ್ರೆ ಕೊಟ್ಟೆ. ಹೊರಟೆವು. ಅಪ್ಪ ಸಾಲಿನಲ್ಲಿ, ನಾನು, ಅಮ್ಮ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು.

ಮೊದಲು ಎಲ್ಲವೂ ಚೆನ್ನಾಗಿತ್ತು. ಮೊರೆನಾದಾ ಅಂದರೆ ಭಾರದ ಕುಣಿತ. ಇಡೀ ಸಾಲು ಒಂದೇ ಪೀಪಾಯಿಯ ಹಾಗೆ ನಿಧಾನವಾಗಿ ಎಡಕ್ಕೆ ವಾಲಬೇಕು, ಬಲಕ್ಕೆ ವಾಲಬೇಕು. ದೊಡ್ಡ ಬೀದಿಗೆ ತಿರುಗುವಾಗ ಅಪ್ಪನ ಎಡ ಭುಜ ತಾನಾಗಿಯೇ ಒಂದು ಸುತ್ತು ಹೆಚ್ಚು ತಿರುಗಿತು. ಆಮೇಲೆ ತಲೆ. ಆಮೇಲೆ ಸೊಂಟ. ಸ್ವಲ್ಪ ಹೊತ್ತಿನಲ್ಲಿ ಆ ಮೂರು ಅಂತಸ್ತಿನ ಲಂಗ ತಟ್ಟೆಗೆ ಮಗುಚಿದ ಜೆಲ್ಲಿಯ ಹಾಗೆ ಅಲುಗುತ್ತಿತ್ತು. ಎಲ್ಲರೂ ಎಡಕ್ಕೆ ವಾಲಿದರೆ ಅಪ್ಪ ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಮತ್ತೆ ಎಡಕ್ಕೆ.

ಜನ ಎದ್ದು ನಿಂತರು. ಹಲಗೆಯ ಮೆಟ್ಟಿಲುಗಳ ಮೇಲೆ ಕೂತ ಅಜ್ಜಿಯರು ಚಪ್ಪಾಳೆ ತಟ್ಟಿದರು. ಯಾರೋ ಹಬ್ಬದ ಡಬ್ಬಿ ನೊರೆ ಎರಚಿದರು, ಯಾರೋ ಬಿಯರ್ ಚಾಚಿದರು. ಇದು ಈ ವರ್ಷದ ಹೊಸ ಹೆಜ್ಜೆಯಿರಬೇಕು ಎಂದುಕೊಂಡು ಮೂರನೆಯ ಸಾಲಿನವರು ಅಪ್ಪನನ್ನು ನೋಡಿ ಭುಜ ತಿರುಗಿಸತೊಡಗಿದರು. ಅವರನ್ನು ನೋಡಿ ನಾಲ್ಕನೆಯ ಸಾಲು. ವಾದ್ಯದವರಿಗೆ ಹುಮ್ಮಸ್ಸು ಬಂದು ತಾಳ ಏರಿಸಿದರು.

ತೆಯೊದೋಸಿಯೊ ಸೀಟಿ ಊದಿ ಊದಿ ಕೆಂಪಾಗಿ ಓಡಿ ಬಂದ. "ದೋನ್ ಫೆರ್ಮಿನ್, ನಿಲ್ಲಬೇಡಿ ಅಂದಿದ್ದೆ ನಿಜ. ಹೀಗೆ ಕುಣೀರಿ ಅಂದಿರ್ಲಿಲ್ಲ."

"ನಾನಲ್ಲ ಕಣೋ," ಮುಖವಾಡದೊಳಗಿಂದ ಅಪ್ಪನ ದನಿ ಬಂತು. "ನಾನು ಮೊರೆನಾದಾನೇ ಕುಣೀತಿದ್ದೀನಿ. ಮಿಕ್ಕಿದ್ದು ಯಾರು ಕುಣೀತಿದ್ದಾರೋ ಗೊತ್ತಿಲ್ಲ."

ಆಗ ನನಗೆ ಹೊಳೆಯಿತು. "ಅಮ್ಮ, ಆಬಾ ಎಷ್ಟು ತಿಂದ್ರು?"

"ಗಂಟು ಖಾಲಿ. ಯಾಕೆ?"

"ಎಳೆ ಆಬಾದಲ್ಲಿ ಅದೇ ಲೆವೊಡೋಪಾ ಇರುತ್ತಮ್ಮ. ಹೊಲದಲ್ಲಿ ಬೆಳೆಯೋ ಮಾತ್ರೆ ಅದು. ಮಾತ್ರೆಯೊಳಗಿನ ಕಾವಲಿನೋನು ಅದನ್ನೂ ಜೋಪಾನವಾಗಿ ಒಳಗೆ ಬಿಟ್ಟಿದ್ದಾನೆ. ಈಗ ತಲೇಲಿ ಎಲ್ಲಾ ಒಟ್ಟಿಗೆ ಸೀಟಿ ಊದ್ತಿದ್ದಾರೆ."

"ಮಾಂಸ ಬೇಡ ಅಂದೆ. ಆಬಾ ಬೇಡ ಅಂದ್ಯಾ?" ಎಂದಳು ಅಮ್ಮ. ಆಮೇಲೆ ಸ್ವಲ್ಪ ಯೋಚಿಸಿ, "ಅಂದ್ರೆ ನನ್ನ ತಂಗಿ ಹೊಲದ್ದೂ ಔಷಧಿನೇ," ಎಂದಳು, ಅಂಥ ಹೊತ್ತಿನಲ್ಲೂ ಹೆಮ್ಮೆಯಿಂದ.

ಅಪ್ಪ ಒಂದು ಸುತ್ತು ತಿರುಗಿ ಬಲತುದಿಯಿಂದ ಎಡತುದಿಗೆ ಹೋದರು. ಹೀಗೇ ಹೋದರೆ ಮಾತೆಯ ಗುಡಿಯಿರುವ ಗುಡ್ಡದ ಬುಡ ಸೇರುವಷ್ಟರಲ್ಲಿ ಉಸಿರು ಕಟ್ಟಿ ಕೂತುಬಿಡುತ್ತಾರೆ. ಗೇಟು ಪೂರ್ತಿ ತೆರೆದಿತ್ತು. ಮುಚ್ಚುವುದು ಹೇಗೆ ಎಂದು ಯೋಚಿಸಿದೆ. ಉತ್ತರ ಒಂದೇ ಇತ್ತು, ಬಾಯಿಬಿಟ್ಟು ಕೇಳುವುದಕ್ಕೆ ನಾಚಿಕೆಯಾಗುವಂಥದ್ದು.

"ಅಮ್ಮ, ಚಾರ್ಕೆ ಏನಾದ್ರೂ ತಂದಿದ್ದೀಯಾ?"

ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟವನ್ನು ಅವಳು ಸಾಯುವವರೆಗೂ ಮರೆಯಲು ಬಿಡುವುದಿಲ್ಲ. "ಚಾರ್ಕೆ ಇಲ್ದೆ ನಾನು ಮನೆ ಬಾಗಿಲು ದಾಟಿದ್ದು ನೋಡಿದ್ದೀಯಾ?" ಎಂದು ಲಂಗದ ಪದರದೊಳಗೆ ಕೈಹಾಕಿದಳು.

ಮುಂದಿನ ತಂಡ ನಿಂತಾಗ ನಮ್ಮದೂ ನಿಂತಿತು. ಅಮ್ಮ ಸಾಲಿನೊಳಗೆ ನುಗ್ಗಿ, ಗಂಡನ ಮುಖವಾಡ ಎತ್ತಿ, ಬಾಯಿಗೆ ತುರುಕಿದಳು.

"ಅಗೀರಿ."

"ಇದು ತಡೆ ಅಲ್ವೇನೇ?"

"ತಡೇನೇ. ಮಗಳು ಅಪ್ಪಣೆ ಕೊಟ್ಟಿದ್ದಾಳೆ. ಅಗೀರಿ."

"ಒಂದು ತುಂಡು ಸಾಕಮ್ಮ," ಎಂದೆ.

"ಒಂದೇ ತುಂಡು," ಎಂದಳು. ಅವಳ ಲೆಕ್ಕದ ಒಂದು ತುಂಡು ಚಪ್ಪಲಿಯಷ್ಟಿತ್ತು.

ಬೀದಿ ಮುಗಿಯುತ್ತ ಬಂದಂತೆ ಅಪ್ಪನ ಸೊಂಟ ಇಳಿಯಿತು, ತಲೆ ನೆಟ್ಟಗಾಯಿತು, ಕೊನೆಗೆ ಭುಜವೂ ಮೊರೆನಾದಾಕ್ಕೆ ಮರಳಿತು. ಜನಕ್ಕೆ ಬೇಸರವಾಯಿತು. ಮೂರನೆಯ ಸಾಲಿನವರು ಮಾತ್ರ ಹೊಸ ಹೆಜ್ಜೆ ಬಿಡಲೇ ಇಲ್ಲ. ತೆಯೊದೋಸಿಯೊ ಅವರನ್ನು ಬೈಯುತ್ತ ಬೈಯುತ್ತ ತಾನೂ ಒಂದು ಸಲ ಭುಜ ತಿರುಗಿಸಿದ್ದನ್ನು ನಾನು ಕಣ್ಣಾರೆ ನೋಡಿದೆ. ಗುಡ್ಡದ ಕಡೆ ಏರು ಶುರುವಾಯಿತು. ಹಿಂದೆ ಎರಡು ಬಾರಿ ಅಪ್ಪ ಈ ಏರನ್ನು ಕುಣಿದು ಹತ್ತಿದಾಗ ನಾನು ಅಮ್ಮನ ಬೆನ್ನ ಮೇಲಿನ ಗಂಟಿನಲ್ಲಿದ್ದೆ. ಈಗ ಪಕ್ಕದಲ್ಲಿ ನಡೆಯುತ್ತ ಅವರ ಹೆಜ್ಜೆಯನ್ನೇ ನೋಡುತ್ತಿದ್ದೆ. ಹೆಜ್ಜೆ ಚಿಕ್ಕದಾಯಿತು. ಇನ್ನೂ ಚಿಕ್ಕದಾಯಿತು. ಗುಡಿಯ ಮುಂದಿನ ಚೌಕದಲ್ಲಿ ನಿಂತಿತು.

ಚಪ್ಪಲಿಯಷ್ಟು ಚಾರ್ಕೆ ಗೇಟಿನ ಮುಂದೆ ಕೂತುಬಿಟ್ಟಿತ್ತು.

ಬಾಗಿಲು ಅಲ್ಲೇ ಇತ್ತು. ಒಳಗಿನ ಮೇಣದಬತ್ತಿಗಳು ಕಾಣುತ್ತಿದ್ದವು. ಹಿಂದಿನ ತಂಡದ ಡೋಲು ಆಗಲೇ ಬೆನ್ನಿಗೆ ಬಂದು ಬಡಿಯುತ್ತಿತ್ತು. ಇನ್ನೊಂದು ಮಾತ್ರೆ ಕೊಟ್ಟರೂ ಅದೂ ಸರದಿಯಲ್ಲಿ ಹಿಂದೆಯೇ ನಿಲ್ಲಬೇಕು. ನಾನು ಅಪ್ಪನ ಮುಖವಾಡ ತೆಗೆದೆ. ಕೂದಲೆಲ್ಲ ಬೆವರು, ಮೀಸೆಯಲ್ಲಿ ನೊರೆ.

"ಕಾಂದಿ, ಕಾಲು ಬರ್ತಿಲ್ಲ," ಎಂದರು. ಇಡೀ ದಿನದಲ್ಲಿ ಮೊದಲ ಸಲ ಅವರ ದನಿಯಲ್ಲಿ ನಗುವಿರಲಿಲ್ಲ.

"ದೋನ್ ಫೆರ್ಮಿನ್, ಎತ್ತಿಕೊಂಡು ಹೋಗ್ತೀವಿ," ಎಂದ ತೆಯೊದೋಸಿಯೊ.

"ಎತ್ತಿಸಿಕೊಂಡು ಹೋದ್ರೆ ಅದು ಹರಕೆ ಅಲ್ಲಪ್ಪ, ಹೆಣ."

ಅಮ್ಮ ನಮ್ಮಿಬ್ಬರನ್ನೂ ಪಕ್ಕಕ್ಕೆ ಸರಿಸಿದಳು. ಒಳಗೆ ಹೋಗುತ್ತಿದ್ದ ಮುಂದಿನ ಸಾಲನ್ನು ತೋರಿಸಿದಳು. ಎಲ್ಲ ತಂಡಗಳೂ ಮಾಡುವ ಹಾಗೆ ಅವರು ಬಾಗಿಲಲ್ಲಿ ಮುಖವಾಡ ಕಳಚಿ, ಮಂಡಿಯೂರಿ, ಮಂಡಿಯ ಮೇಲೇ ಮಾತೆಯ ಕಡೆ ಸಾಗುತ್ತಿದ್ದರು.

"ಕಾಲು ಯಾರು ಕೇಳಿದ್ರು ನಿಮ್ಮನ್ನ?" ಎಂದಳು. "ಇಲ್ಲಿಂದಾಚೆ ಯಾರೂ ಕಾಲಲ್ಲಿ ಹೋಗಲ್ಲ ಕಣ್ರೀ. ಕೆಳಗಿಳೀರಿ."

ಲಂಗದ ಕೊಂಡಿ ಬಿಚ್ಚಿದೆವು. ತೆಯೊದೋಸಿಯೊ ಒಂದು ತೋಳು, ನಾನು ಒಂದು ತೋಳು ಹಿಡಿದು ಅಪ್ಪನನ್ನು ಕಲ್ಲಿನ ಮೇಲೆ ಮಂಡಿಯೂರಿಸಿ ಕೈಬಿಟ್ಟೆವು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಬಲ ಮಂಡಿ ಮುಂದೆ ಹೋಯಿತು. ಎಡ ಮಂಡಿ ಹೋಯಿತು. ನಡೆಯುವುದಕ್ಕೆ ಒಂದು ದಾರಿ, ತೆವಳುವುದಕ್ಕೆ ಬೇರೊಂದು ದಾರಿ ಇರಬೇಕು ತಲೆಯಲ್ಲಿ; ಪಾದಕ್ಕೆ ತಲುಪಿದ ತಡೆಯ ಸುದ್ದಿ ಮಂಡಿಗೆ ಇನ್ನೂ ಮುಟ್ಟಿರಲಿಲ್ಲ. ಅಪ್ಪ ಹೊಸ್ತಿಲು ದಾಟಿದರು. ಎಷ್ಟು ಬೇಗ ಹೋದರೆಂದರೆ ಮುಂದಿದ್ದವನ ಹಿಮ್ಮಡಿಗೆ ತಾಗಿ, "ಸ್ವಲ್ಪ ನಿಧಾನ ಕಣ್ರೀ," ಎಂದು ಅವನಿಂದ ಬೈಸಿಕೊಂಡರು.

ಅಮ್ಮ ಅವರ ಎಡಕ್ಕೆ, ನಾನು ಬಲಕ್ಕೆ ಮಂಡಿಯಲ್ಲೇ ಹೋದೆವು. ನಗು ತಡೆಯಲು ಅಮ್ಮ ಬಾಯಿಗೆ ಶಾಲಿನ ಅಂಚು ಒತ್ತಿಕೊಂಡಿದ್ದಳು, ನಾನು ಅಳುತ್ತಿದ್ದೆ, ಅಪ್ಪ ಇಬ್ಬರಿಗೂ ಸುಮ್ಮನಿರಿ ಎನ್ನುತ್ತಿದ್ದರು. ಪೀಠದ ಮುಂದೆ ಅವರು ತಲೆ ಬಾಗಿಸಿದರು.

ಅಪ್ಪ ಮೂರನೆಯ ವರ್ಷ ಕುಣಿದರು. ಹರಕೆ ತೀರಿತು.